ಹತ್ತೊಂಬತ್ತಕ್ಕೇ ಅಜ್ಜಿಯಾದ ನಮ್ಮಕ್ಕ

ಕಳೆದ ತಿಂಗಳು ಪತ್ರಿಕೆಯವನೊಬ್ಬ ನಮ್ಮಕ್ಕನ ಬಗ್ಗೆ ಬರೆಯಬೇಕೆಂದು ಮನೆಗೆ ಬಂದಿದ್ದ. ಎರಡು ಲೋಟ ಚಹಾ ಕುಡಿದ, ಅರ್ಧ ಗಂಟೆ ತಲೆಯಾಡಿಸಿದ, ಎದ್ದು ಹೋದ. ಭಾನುವಾರ ಅಚ್ಚಾಗಿ ಬಂದದ್ದು ಬೆರಳುದ್ದದ ಸುದ್ದಿ. ಹಿರಿಯ ನಟಿ ಹಾಗೂ ಗಾಯಕಿ, ಅಷ್ಟೇ! ನನಗೆ ಮೈಯೆಲ್ಲ ಉರಿದುಹೋಯಿತು. ನಟಿ ಅನ್ನಿಸಿಕೊಂಡ ಮೇಲೆ ಗಾಯಕಿ ಅನ್ನಿಸಿಕೊಳ್ಳಲು ಅವಳಿಗೆ ಇಪ್ಪತ್ತೊಂದು ವರ್ಷ ಹಿಡಿದಿತ್ತು. ಆ ಪುಣ್ಯಾತ್ಮ ಅಷ್ಟನ್ನೂ ಒಂದೇ ಜಿಗಿತಕ್ಕೆ ದಾಟಿಬಿಟ್ಟಿದ್ದ. ಅಕ್ಕ ಮಾತ್ರ ನಕ್ಕಳು. "ಹೋಗ್ಲಿ ಬಿಡೇ, ಫೋಟೋ ಚೆನ್ನಾಗಿ ಬಂದಿದೆಯಲ್ಲ" ಅಂದಳು. ಅವಳು ಬಿಟ್ಟರೂ ನಾನು ಬಿಡುವವಳಲ್ಲ. ಆ ಇಪ್ಪತ್ತೊಂದು ವರ್ಷವನ್ನು ನಾನೇ ಹೇಳುತ್ತೇನೆ.

ನಾನು ಅವಳಿಗಿಂತ ಎರಡು ವರ್ಷ ಚಿಕ್ಕವಳು. ಅವಳಿದ್ದ ನಾಟಕ ಕಂಪನಿಯಲ್ಲಿ ದರ್ಜಿಯ ಕೆಲಸ ನನ್ನದು. ರಾಜನಿಂದ ಹಿಡಿದು ಭಿಕ್ಷುಕನವರೆಗೆ ಎಲ್ಲರ ಬಟ್ಟೆಯೂ ನನ್ನ ಮೆಷಿನ್ನಿನಡಿ ಹಾದೇ ರಂಗಕ್ಕೆ ಹೋಗಬೇಕು. ನಮ್ಮನ್ನು ಅಲ್ಲಿಗೆ ಕರೆತಂದವರು ನಮ್ಮಪ್ಪ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಬಿಡುವಿದ್ದಾಗ ಕಂಪನಿಯ ಪರದೆಗಳಿಗೆ ಅರಮನೆ, ತೋಟ, ಸಮುದ್ರ ಬರೆದುಕೊಡುತ್ತಿದ್ದರು. ಬಣ್ಣದ ಡಬ್ಬ ಹಿಡಿದುಕೊಂಡು ನಾವಿಬ್ಬರೂ ಹಿಂದೆ ಹೋಗುತ್ತಿದ್ದೆವು.

ಅಕ್ಕನಿಗೆ ಹತ್ತೊಂಬತ್ತಾಗಿದ್ದಾಗ ಒಂದು ಮಧ್ಯಾಹ್ನ, ಮುದುಕಿಯ ಪಾತ್ರ ಮಾಡುತ್ತಿದ್ದ ನಟಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಆಟಕ್ಕೆ ಮೂರೇ ಗಂಟೆ ಉಳಿದಿತ್ತು. ಕಂಪನಿಯ ಮಾಲೀಕರು ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿತ್ತ ಓಡಾಡಿದರು. ಆಗ ಅಕ್ಕ ಏಣಿಯ ಕೆಳಗೆ ನಿಂತು ಅಪ್ಪನಿಗೆ ಡಬ್ಬ ಎತ್ತಿಕೊಡುತ್ತಿದ್ದಳು. ಮೇಲಿನಿಂದ ತೊಟ್ಟಿಕ್ಕಿದ ಬಿಳಿ ಬಣ್ಣ ಅವಳ ತಲೆಯ ಮೇಲೆಲ್ಲ ಚೆಲ್ಲಿತ್ತು. ಮಾಲೀಕರು ಅವಳನ್ನು ನೋಡಿ ನಿಂತೇಬಿಟ್ಟರು.

"ಏನಮ್ಮಾ, ಎರಡು ಪುಟ ಬಾಯಿಪಾಠ ಮಾಡ್ತೀಯಾ? ತಲೆ ಹೇಗೂ ನರೆತಿದೆ."

ಅವಳು ಬಾಯಿಪಾಠ ಮಾಡಿದಳು, ಕೋಲು ಹಿಡಿದಳು, ಮುದುಕಿಯಾದಳು. ಆವತ್ತಿನಿಂದ ಬೀದಿಗೆಲ್ಲ ಅವಳು 'ಅಜ್ಜಿ'. ಹಾಲಿನವನಿಗೂ ಅಜ್ಜಿ, ಎದುರುಮನೆಯ ನಿಜವಾದ ಅಜ್ಜಿಗೂ ಅಜ್ಜಿ. ನಮ್ಮಮ್ಮನೇ ಒಂದು ದಿನ ಮಹಡಿಯ ಮೆಟ್ಟಿಲ ಬಳಿ ನಿಂತು, "ಅಜ್ಜೀ, ಊಟಕ್ಕೆ ಬಾರೇ!" ಎಂದು ಕೂಗಿ ನಾಲಿಗೆ ಕಚ್ಚಿಕೊಂಡರು.

ಹಾಗೆಂದು ಅವಳೇನೂ ಕಾಟಾಚಾರಕ್ಕೆ ಬೆನ್ನು ಬಗ್ಗಿಸಿ ಕೆಮ್ಮುವ ಮುದುಕಿಯಾಗಿರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ರೋಗವಿಲ್ಲದೆಯೇ ಹೋಗಿ ಕುಳಿತುಕೊಳ್ಳುತ್ತಿದ್ದಳು. ವಯಸ್ಸಾದವರು ಏಳುವ ಮೊದಲು ನೆಲವನ್ನು ನೋಡುತ್ತಾರೆ, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡೇ ಬಾಗಿಲು ತಳ್ಳುತ್ತಾರೆ. ಇಂಥದ್ದನ್ನೆಲ್ಲ ನೋಡಿಕೊಂಡು ಬಂದು ಅಡುಗೆಮನೆಯಲ್ಲಿ ಮಾಡಿ ತೋರಿಸುತ್ತಿದ್ದಳು. ಅಮ್ಮ ನಕ್ಕೂ ನಕ್ಕೂ ಸೌಟು ಕೆಳಗೆ ಹಾಕುತ್ತಿದ್ದರು.

ಆದರೆ ಅವಳ ಜೀವವಿದ್ದದ್ದು ಹಾಡಿನಲ್ಲಿ. ಉಡುಪಿನ ಕೋಣೆಯಲ್ಲಿ ನನ್ನ ಜೊತೆ ಇಸ್ತ್ರಿ ಮಾಡುವಾಗ ಹಾಡಿಕೊಳ್ಳುತ್ತಿದ್ದಳು. ಆ ಕೋಣೆಗೆ ಕಿಟಕಿಯಿಲ್ಲ, ಇದ್ದದ್ದು ಒಂದೇ ಬಲ್ಬು. ಅವಳು ಬಾಯಿ ತೆರೆದಳೆಂದರೆ ನನಗೆ ಮೆಷಿನ್ ತುಳಿಯುವುದೇ ಮರೆತುಹೋಗುತ್ತಿತ್ತು. ಆದರೆ ಕಂಪನಿಯಲ್ಲಿ ಹಾಡುಗಳೆಲ್ಲ ನಾಯಕಿಗೆ ಮೀಸಲು. ಮುದುಕಿಯರಿಗೆ ಯಾರು ಹಾಡು ಬರೆಯುತ್ತಾರೆ?

ಅಕ್ಕನಿಗೆ ಇಪ್ಪತ್ತೊಂಬತ್ತಾಗಿದ್ದಾಗ ಹೊಸ ನಾಯಕಿ ಬಂದಳು. ನೋಡಲು ಏನು ಚಂದ! ಅವಳ ಗತ್ತು ನೋಡಿ ನಾನು ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟೆ. ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತಿತ್ತು. ಹಾಡಿದರೆ ಮಾತ್ರ, ದೇವರೇ, ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲುಗಿಸಿದ ಹಾಗೆ. ಮೊದಲ ದಿನ ಅವಳ ಹಾಡು ಕೇಳಿ ಹಾರ್ಮೋನಿಯಂ ಮಾಸ್ತರರು ಪೆಟ್ಟಿಗೆ ಮುಚ್ಚಿ, ತಲೆನೋವೆಂದು ಹೇಳಿ ಮನೆಗೆ ಹೋದರು.

ಮಾಲೀಕರು ನೇರವಾಗಿ ಉಡುಪಿನ ಕೋಣೆಗೆ ಬಂದರು. ಇಸ್ತ್ರಿಪೆಟ್ಟಿಗೆ ಹಿಡಿದ ಅಕ್ಕನ ಮುಂದೆ ನಿಂತು ಹೇಳಿದರು: "ನೋಡಮ್ಮ, ಅವಳು ಬಾಯಿ ಆಡಿಸ್ತಾಳೆ, ನೀನು ಪರದೆ ಹಿಂದೆ ನಿಂತು ಹಾಡು. ಆದ್ರೆ ಒಂದು ಮಾತು. ಇದು ಹೊರಗೆ ಹೋಗಬಾರದು. ಮನೇಲೂ ಗಟ್ಟಿಯಾಗಿ ಹಾಡಬಾರದು."

ನಾನು ಬೇಡವೇ ಬೇಡ ಎಂದು ಕಣ್ಸನ್ನೆ ಮಾಡಿದೆ. ಅಕ್ಕ ಆಗಲೇ ಹೂಂ ಅಂದಾಗಿತ್ತು. "ಹಾಡಿಗೆ ಜನ ಸಿಕ್ತಾರಲ್ಲೇ, ನನಗೇಕೆ ಮುಖ?" ಎಂದು ನನಗೇ ಸಮಾಧಾನ ಹೇಳಿದಳು. ಅಪ್ಪ ಬರೆದ ತೋಟದ ಪರದೆಯಲ್ಲಿ ಒಂದು ದೊಡ್ಡ ಮರವಿತ್ತು. ಅದರ ಪೊಟರೆಯ ಜಾಗದಲ್ಲಿ ಗೇಣುದ್ದದ ಸೀಳನ್ನು ನಾನೇ ನನ್ನ ಕತ್ತರಿಯಿಂದ ಕತ್ತರಿಸಿಕೊಟ್ಟೆ. ಕತ್ತರಿಸುವಾಗ ಅತ್ತೆ. ಯಾರಿಗೂ ತೋರಿಸಲಿಲ್ಲ.

ಆ ಸೀಳಿನಿಂದ ಅಕ್ಕನಿಗೆ ಕಾಣುತ್ತಿದ್ದದ್ದು ಮಹಾರಾಣಿಯ ಬೆನ್ನು ಮಾತ್ರ. ತುಟಿ ಕಾಣದಿದ್ದರೆ ಹಾಡನ್ನು ಬಾಯಿಗೆ ಕೂಡಿಸುವುದು ಹೇಗೆ? ಇಬ್ಬರೂ ಸೇರಿ ಒಂದು ಉಪಾಯ ಕಂಡುಕೊಂಡರು. ಪ್ರತಿ ಸಾಲಿಗೂ ಮೊದಲು ಮಹಾರಾಣಿ ಉಸಿರೆಳೆದುಕೊಂಡು ಹೆಗಲನ್ನು ಎಳ್ಳಷ್ಟು ಎತ್ತಬೇಕು. ಹೆಗಲು ಎದ್ದ ಕ್ಷಣ ಅಕ್ಕ ಉಸಿರೆಳೆಯಬೇಕು, ಇಳಿದ ಕ್ಷಣ ಹಾಡಬೇಕು. ತಿಂಗಳೊಪ್ಪತ್ತಿನಲ್ಲಿ ಎಷ್ಟು ಹದವಾಯಿತೆಂದರೆ ಮುಂದಿನ ಸಾಲಿನಲ್ಲಿ ಕುಳಿತವರಿಗೂ ಗುಮಾನಿ ಬರಲಿಲ್ಲ. ಮಹಾರಾಣಿಗೆ ಶೀತವಾಗಿ ಸೀನು ಬಂದ ದಿನ ಹಾಡಿನ ನಡುವೆ ಅಕ್ಕನೂ ಸೀನಿದಳು.

ಹಾಡು ಮುಗಿದರೆ ಕೆಲಸ ಮುಗಿಯಿತೇ? ಎಲ್ಲಿಂದ! ಮುಂದಿನ ದೃಶ್ಯದಲ್ಲಿ ಅವಳೇ ನಾಯಕಿಯ ಅಜ್ಜಿ. ನರೆಗೂದಲು ಹಾಕಿಕೊಂಡೇ ಪ್ರೇಮಗೀತೆ ಹಾಡಿ, ಹಿಂದಿನ ಓಣಿಯಲ್ಲಿ ಓಡಿ, ಹಗ್ಗ ದಾಟಿ, ಮರಳಿನ ಚೀಲ ಹಾರಿ, ಕೋಲೂರಿಕೊಂಡು ಎಡಗಡೆಯಿಂದ ಒಳಗೆ ಬರಬೇಕು. ಬಂದವಳಿಗೆ ಏದುಸಿರು. ಒಂದು ಪತ್ರಿಕೆ ಬರೆದೇಬಿಟ್ಟಿತು: 'ವಯಸ್ಸಾದವರ ಏದುಸಿರನ್ನು ಈ ನಟಿ ಎಷ್ಟು ನೈಜವಾಗಿ ತಂದಿದ್ದಾರೆ!' ಅದನ್ನು ಓದಿ ನಾವಿಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದು ಹೊರಳಾಡಿ ನಕ್ಕೆವು.

ಹೀಗೆ ಹನ್ನೊಂದು ವರ್ಷ. ನಮ್ಮ ಮನೆಯೆದುರು ಬೀಗ ರಿಪೇರಿಯವನೊಬ್ಬನಿದ್ದ. ಅವನು ಒಂದು ಆಟವನ್ನೂ ಬಿಟ್ಟವನಲ್ಲ. ಯಾವಾಗಲೂ ಮೂರನೇ ಸಾಲು, ನಡುವಿನ ಕುರ್ಚಿ. ಬೆಳಿಗ್ಗೆ ಅಕ್ಕ ಬಾಗಿಲು ತೆರೆದಳೋ ಇಲ್ಲವೋ ಅವನ ಹೊಗಳಿಕೆ ಶುರು.

"ಅಜ್ಜೀ, ತಪ್ಪು ತಿಳ್ಕೋಬೇಡಿ. ನಿಮ್ಮ ಪಾರ್ಟೂ ಚೆನ್ನಾಗೇ ಇರುತ್ತೆ. ಆದ್ರೆ ಆ ಹೀರೋಯಿನ್ ಗಂಟಲು ಇದೆಯಲ್ಲ! ನಿನ್ನೆ ಎರಡನೇ ಹಾಡಲ್ಲಿ ಮೇಲಕ್ಕೆ ಹೋದ್ರಲ್ಲ, ನನಗೆ ಕೈಯಲ್ಲಿದ್ದ ಕಡಲೆಕಾಯಿ ತಿನ್ನೋಕೂ ಆಗ್ಲಿಲ್ಲ. ನೀವು ಹತ್ತಿರದಿಂದ ಕೇಳ್ತೀರಲ್ಲ, ಪುಣ್ಯ ಮಾಡಿದೀರ!"

"ಹೌದಣ್ಣ, ತುಂಬ ಹತ್ತಿರದಿಂದ ಕೇಳ್ತೀನಿ" ಎನ್ನುತ್ತಿದ್ದಳು ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ನನಗೆ ಒಳಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು, ಜೊತೆಗೇ ಅವನ ಸುತ್ತಿಗೆ ಕಿತ್ತುಕೊಂಡು ಯಾರ ತಲೆಗಾದರೂ ಕುಟ್ಟಬೇಕೆನ್ನುವಷ್ಟು ಸಿಟ್ಟು.

ಅಕ್ಕನಿಗೆ ನಲವತ್ತಾದ ವರ್ಷ ಕಂಪನಿಯ ಬರಹಗಾರರು ಹೊಸ ನಾಟಕ ತಂದರು. ಬಟ್ಟೆ ಒಗೆದು ಮಗಳನ್ನು ಸಾಕಿದ ತಾಯಿಯ ಕತೆ. ಅದರಲ್ಲಿದ್ದದ್ದು ಒಂದೇ ಹಾಡು. ಮಗಳು ಮನೆ ಬಿಟ್ಟು ಹೊರಟಾಗ ತಾಯಿ ಬಟ್ಟೆ ಒಣಹಾಕುತ್ತಾ ಹಾಡುವುದು: 'ಒಣಗಲಿ ಬಿಡು ಮಗಳೆ, ಗಾಳಿ ಇನ್ನೂ ಇದೆ.' ತಾಯಿಯ ಪಾತ್ರ ಅಕ್ಕನದು, ಮಗಳ ಪಾತ್ರ ಮಹಾರಾಣಿಯದು. ಮಾಲೀಕರು ಅಭ್ಯಾಸಬಲದಿಂದ ಆ ಹಾಡನ್ನು ಮಗಳಿಗೆ ಕೊಡಹೊರಟರು. ಆಗ ಮಹಾರಾಣಿ ಎದ್ದು ನಿಂತಳು.

"ಇದು ತಾಯಿ ಹಾಡು. ಅಕ್ಕನೇ ನಿಂತು ಹಾಡ್ಲಿ. ನಾನು ಇದಕ್ಕೆ ಬಾಯಿ ಆಡಿಸೋದಿಲ್ಲ."

ಬಹಳ ಜಟಾಪಟಿ ನಡೆಯಿತು. ಕೊನೆಗೆ ಮಾಲೀಕರು ಅಕ್ಕನ ಕಡೆಗೆ ತಿರುಗಿದರು. "ಒಂದು ಆಟ. ಭಾನುವಾರ ಮಧ್ಯಾಹ್ನದ ಆಟ. ಜನ ಒಪ್ಪಿದ್ರೆ ಸರಿ. ಒಪ್ಪದಿದ್ರೆ ನೀನು ಮತ್ತೆ ಪರದೆ ಹಿಂದೆ, ಇನ್ನೊಂದು ಸಲ ಈ ಮಾತು ಎತ್ತಬಾರದು. ಆಯ್ತಾ?"

"ಆಯ್ತು" ಅಂದಳು ಅಕ್ಕ. ಮುಖ ಬೇಕಿಲ್ಲವೆಂದು ಹನ್ನೊಂದು ವರ್ಷ ಹೇಳಿಕೊಂಡು ಬಂದವಳು ಆವತ್ತು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ತಾಲೀಮು ಶುರುವಾಯಿತು. ಹಾರ್ಮೋನಿಯಂ ಮಾಸ್ತರರು ಹಾಡು ಶುರುವಾಗುವ ಸ್ವರ ನುಡಿಸಿದರು. ಅಕ್ಕ ಸುಮ್ಮನೆ ನಿಂತಿದ್ದಳು. ಮತ್ತೊಮ್ಮೆ ನುಡಿಸಿದರು. ಊಹೂಂ. ಮೂರನೆಯ ಸಲಕ್ಕೆ ಮಾಸ್ತರರು ಕೈ ಎತ್ತಿಬಿಟ್ಟರು. "ಯಾಕಮ್ಮಾ, ಗಂಟಲು ಕಟ್ಟಿದೆಯಾ?"

ಅಕ್ಕ ನೋಡುತ್ತಿದ್ದದ್ದು ಮೂಟೆಯ ಮೇಲೆ ಕುಳಿತಿದ್ದ ಮಹಾರಾಣಿಯ ಬೆನ್ನನ್ನು. "ಇವಳು ಹೆಗಲೇ ಎತ್ತಲಿಲ್ಲವಲ್ಲ, ನಾನು ಹೇಗೆ ಶುರು ಮಾಡ್ಲಿ?" ಅಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು, ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ಹನ್ನೊಂದು ವರ್ಷ ಇನ್ನೊಬ್ಬರ ಹೆಗಲು ನೋಡಿ ಉಸಿರಾಡಿದವಳಿಗೆ ತನ್ನ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೇ ಮರೆತುಹೋಗಿತ್ತು. ಇಂಥ ಕಷ್ಟ ಲೋಕದಲ್ಲಿ ಇನ್ಯಾವ ಹಾಡುಗಾರ್ತಿಗಾದರೂ ಬಂದಿತ್ತೋ ಇಲ್ಲವೋ!

ಆ ವಾರವೆಲ್ಲ ಉಡುಪಿನ ಕೋಣೆಯೇ ಪಾಠಶಾಲೆಯಾಯಿತು. ಅಕ್ಕ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಯಾರದಾದರೂ ಮುಖ ಕಂಡರೆ ಹಾಡು ಬರುವುದಿಲ್ಲವೆಂದು ಹಟ. ಮಹಾರಾಣಿ ಅವಳ ಹಿಂದೆ ನಿಂತು ಬೆನ್ನಿಗೆ ಅಂಗೈ ಇಟ್ಟು, ಪ್ರತಿ ಸಾಲಿಗೂ ಮೊದಲು ಮೆಲ್ಲಗೆ ಒತ್ತುತ್ತಿದ್ದಳು. ಮೊದಲ ದಿನ ಪೂರ್ತಿ ಅಂಗೈ, ಆಮೇಲೆ ಎರಡು ಬೆರಳು, ಆಮೇಲೆ ಒಂದು. ನಾನು ಮೂಲೆಯಲ್ಲಿ ತಾಯಿಯ ಸೀರೆಗೆ ಬೇಕೆಂದೇ ತೇಪೆ ಹಚ್ಚುತ್ತಾ ಇಬ್ಬರಿಗೂ ಬೈಯುತ್ತಿದ್ದೆ.

"ಟೈಲರಮ್ಮಾ, ಸ್ವಲ್ಪ ಮೆಷಿನ್ ನಿಲ್ಸಿ. ನಿಮ್ಮ ಗಡಗಡದಲ್ಲಿ ಅಕ್ಕನ ಉಸಿರು ಕೇಳಿಸ್ತಿಲ್ಲ" ಎಂದು ಮಹಾರಾಣಿ ಗದರಿದಳು.

"ನಾನು ನಿಲ್ಸಿದ್ರೆ ಭಾನುವಾರ ಅಕ್ಕ ಉಡೋದೇನು, ಗೋಣಿಚೀಲಾನಾ?" ಎಂದೆ ನಾನೂ. ಆದರೆ ಮೆಷಿನ್ ನಿಲ್ಲಿಸಿದೆ. ಗತ್ತಿನವಳೆಂದು ನಾನು ಅಷ್ಟು ದಿನ ದೂರವಿಟ್ಟಿದ್ದ ಹುಡುಗಿ, ತನ್ನ ಹೆಸರಿಗೆ ತಾನೇ ಕುತ್ತು ತಂದುಕೊಂಡು ಅಕ್ಕನ ಬೆನ್ನಿಗೆ ನಿಂತಿದ್ದಳು. ಅವಳ ಮೇಲೆ ನನಗೆ ಪ್ರೀತಿ ಉಕ್ಕಿತು. ಶನಿವಾರ ಅವಳು ಬೆರಳನ್ನೂ ತೆಗೆದಳು. ಅಕ್ಕ ಅದು ತಿಳಿಯದೆ ಇಡೀ ಹಾಡು ಹಾಡಿ ಮುಗಿಸಿದಳು.

ಭಾನುವಾರ ಕೊಟ್ಟಿಗೆಯಂಥ ನಮ್ಮ ರಂಗಮಂದಿರ ತುಂಬಿತ್ತು. ಹಿಂದೆ ನಿಂತವರೂ ಇದ್ದರು. ನಾನು ರಂಗದ ಬಲಗಡೆಯ ಮರೆಯಲ್ಲಿ ಸೂಜಿದಾರ ಹಿಡಿದು ನಿಂತಿದ್ದೆ. ರಂಗದ ಮೇಲೆ ಹಗ್ಗ ಕಟ್ಟಿತ್ತು, ಮಗಳು ಮೂಟೆಯ ಮೇಲೆ ಕುಳಿತಿದ್ದಳು, ತಾಯಿ ಒದ್ದೆಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. ಮಾಸ್ತರರ ಸ್ವರ ಬಂತು. ಅಕ್ಕ ಉಸಿರೆಳೆದುಕೊಂಡು, ಜನರ ಕಡೆ ತಿರುಗಿ ಹಾಡಿದಳು. ಮೊದಲ ಸಾಲು ಬಂಗಾರ. ಎರಡನೆಯ ಸಾಲೂ ಬಂಗಾರ.

ಮೂರನೆಯ ಸಾಲಿಗೆ ಬೀಗದವನು ಎದ್ದು ನಿಂತ.

"ನಕಲು! ಇದು ಹೀರೋಯಿನ್ ಗಂಟಲಿನ ನಕಲು! ಅಜ್ಜೀ, ನೀವು ನಿಮ್ಮ ಪಾರ್ಟು ಮಾಡ್ಕೊಂಡಿರಿ, ಇನ್ನೊಬ್ಬರ ಗಂಟಲು ಕದಿಯೋದು ಯಾಕೆ?"

ಅಯ್ಯೋ ನಿನ್ನ ಮನೆ ಹಾಳಾಗ! ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಹೆಗಲಿನ ಬಗ್ಗೆ ವಾರವಿಡೀ ತಲೆ ಕೆಡಿಸಿಕೊಂಡವರು, ಜನ ಆ ಗಂಟಲನ್ನು ಗುರುತಿಸುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಿಂದಿನಿಂದ ಒಬ್ಬ ಹೌದು ಹೌದು ಎಂದ, ಯಾರೋ ಸಿಳ್ಳೆ ಹಾಕಿದರು, ನಗು ಹಬ್ಬಿತು. ಅಕ್ಕನ ಹಾಡು ನಿಂತಿತು. ಮಾಸ್ತರರು ಅದೇ ಸ್ವರವನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದರು. ಎದುರಿನ ಮರೆಯಲ್ಲಿ ಮಾಲೀಕರು ತೆರೆ ಇಳಿಸಲು ಹಗ್ಗದವನಿಗೆ ಕೈ ಮಾಡಿದರು. ಮುಗಿಯಿತು ಅಂದುಕೊಂಡೆ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಆಗ ಮೂಟೆಯ ಮೇಲಿಂದ ಮಹಾರಾಣಿ ಎದ್ದಳು. ಹಗ್ಗದವನ ಕಡೆ ಒಂದು ನೋಟ ಬೀರಿದಳು, ಅವನ ಕೈ ಅಲ್ಲೇ ನಿಂತಿತು. ನೇರ ಮುಂದೆ ಬಂದು, ಊರಿಗೆಲ್ಲ ಬಾಯಿಪಾಠವಾಗಿದ್ದ ತನ್ನ ತೋಟದ ಹಾಡನ್ನು ಎತ್ತಿಕೊಂಡಳು. ತನ್ನದೇ ಗಂಟಲಿನಲ್ಲಿ!

ದೇವರಾಣೆ, ಅದಕ್ಕಿಂತ ಕೆಟ್ಟದಾಗಿ ಹಾಡಿದ್ದನ್ನು ನಾನು ಕೇಳಿಲ್ಲ. ನಗುತ್ತಿದ್ದವರು ತೆರೆದ ಬಾಯಿ ತೆರೆದ ಹಾಗೇ ಕುಳಿತರು. ಮಹಾರಾಣಿ ಹಿಂಜರಿಯಲಿಲ್ಲ. ಕಿವಿ ಕೆಂಪಾಗಿದ್ದವು, ಕುತ್ತಿಗೆ ಬೆವರುತ್ತಿತ್ತು, ಆದರೂ ಕೀರಲು ದನಿಯಲ್ಲೇ ಎರಡು ಸಾಲು ಹಾಡಿ, ಮೇಲಕ್ಕೆ ಏರುವ ಜಾಗಕ್ಕೆ ಬಂದಳು. ಅಲ್ಲಿ ದನಿ ಒಡೆದು ನಿಂತುಹೋಯಿತು.

ಇಂಥ ಹೊತ್ತಿನಲ್ಲಿ ಕೈಬಿಡುವ ಅಭ್ಯಾಸ ಅಕ್ಕನಿಗಿಲ್ಲ. ಹಗ್ಗದ ಪಕ್ಕ ನಿಂತಿದ್ದವಳು ಯಾರ ಹೆಗಲನ್ನೂ ನೋಡಲಿಲ್ಲ, ಯಾರ ಬೆರಳಿಗೂ ಕಾಯಲಿಲ್ಲ. ಉಸಿರೆಳೆದುಕೊಂಡು, ಮಹಾರಾಣಿ ಬಿಟ್ಟ ಕಡೆಯಿಂದ ಆ ಸಾಲನ್ನು ಎತ್ತಿ ಮೇಲಕ್ಕೆ ಒಯ್ದಳು. ಹನ್ನೊಂದು ವರ್ಷ ಜನ ಕೇಳಿದ್ದ ಅದೇ ಗಂಟಲು ಯಾರ ಬಾಯಿಂದ ಬರುತ್ತಿದೆಯೆಂದು ಎಲ್ಲರೂ ಕಣ್ಣಾರೆ ಕಂಡರು.

ಸಾಲು ಮುಗಿಯಿತು.

"ನಕಲು ಅಂದ್ರಲ್ಲ ಸ್ವಾಮಿ," ಮಹಾರಾಣಿ ಬೀಗದವನನ್ನೇ ನೋಡುತ್ತಾ ಹೇಳಿದಳು, "ನಕಲು ನಾನು. ಅಸಲು ಇವರು."

ಮಾಲೀಕರು ತಲೆಯ ಮೇಲೆ ಕೈ ಹೊತ್ತು ಬಣ್ಣದ ಪೆಟ್ಟಿಗೆಯ ಮೇಲೆ ಕುಸಿದರು. ಬೀಗದವನು ಇನ್ನೂ ನಿಂತೇ ಇದ್ದ. ಪಾಪ, ಅವನ ಮುಖ ನೋಡಬೇಕಿತ್ತು! ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ.

"ಅಂದ್ರೆ ಅಜ್ಜೀ... ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ನಿಮ್ಮೆದುರಿಗೇ ನಿಂತು ನಾನು ನಿಮ್ಮನ್ನೇ ಹೊಗಳ್ತಿದ್ನಾ?"

"ಹೌದಣ್ಣ" ಅಂದಳು ಅಕ್ಕ. "ಅದನ್ನ ಕೇಳ್ಕೊಂಡು ಹೋದ್ರೆ ಮಧ್ಯಾಹ್ನದ ತನಕ ಹಸಿವೇ ಆಗ್ತಿರಲಿಲ್ಲ."

ಸಭೆಯೆಲ್ಲ ನಕ್ಕಿತು. ಈ ಸಲದ ನಗುವೇ ಬೇರೆ. ಬೀಗದವನು ಟೋಪಿಯಿಂದ ಕಣ್ಣೊರೆಸಿಕೊಂಡ. "ನನ್ನದು ತಪ್ಪಾಯ್ತಮ್ಮ. ಮೊದಲಿಂದ ಹಾಡಿ" ಎಂದ. ಆಮೇಲೆ ಸುತ್ತಲೂ ತಿರುಗಿ, "ಯಾರಾದ್ರೂ ಪಿಟಕ್ ಅಂದ್ರೆ ನೋಡಿ ಮತ್ತೆ!" ಎಂದು ಎಲ್ಲರನ್ನೂ ಗದರಿಸಿ ಕುಳಿತ.

ಅಕ್ಕ ಮೊದಲಿನಿಂದ ಹಾಡಿದಳು. ತಾಯಿಯ ಹಾಡು ಮುಗಿದ ಮೇಲೆ ಜನ ಬಿಡಲಿಲ್ಲ, ತೋಟದ ಹಾಡು ಕೇಳಿದರು, ಅದಕ್ಕೂ ಹಿಂದಿನ ನಾಟಕದ ಹಾಡು ಕೇಳಿದರು. ಮಗಳು ಮನೆ ಬಿಟ್ಟು ಹೋಗುವ ಕತೆ ಅರ್ಧಕ್ಕೇ ನಿಂತಿತ್ತು, ಮಗಳು ಮೂಟೆಯ ಮೇಲೆ ಕುಳಿತು ತಾಳ ಹಾಕುತ್ತಿದ್ದಳು. ನಾನು ಮರೆಯಲ್ಲಿ ನಿಂತು ರಾಜನ ಮೇಲಂಗಿಯಲ್ಲಿ ಮೂಗು ಒರೆಸಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಮನೆಯವರು ಓದಿದರೂ ಚಿಂತೆಯಿಲ್ಲ.

ಆಟ ಮುಗಿದು, ಮಾಲೀಕರೂ ಬಂದು ಸೋತವರ ಹಾಗೆ ಕೈಮುಗಿದು ಹೋದ ಮೇಲೆ, ಅಕ್ಕ ಉಡುಪಿನ ಕೋಣೆಗೆ ಬಂದು ಇಸ್ತ್ರಿಯ ಮೇಜಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸುತ್ತಿದ್ದಳು.

"ಹೇಗಿತ್ತೇ?" ಅಂದಳು.

"ಅದನ್ನೂ ಕೇಳ್ತೀಯಲ್ಲ! ಆ ಮೇಲಿನ ಸ್ವರ..."

"ಹಾಡಲ್ವೇ. ಮುಖ. ಹಾಡುವಾಗ ನನ್ನ ಮುಖ ಹೇಗಿತ್ತು?"

ಒಂದೇ ಮನೆಯಲ್ಲಿ ಬೆಳೆದವರು ನಾವು. ಆದರೂ ಬಾಯಿ ತುಂಬ ಹಾಡುವಾಗ ಅವಳ ಮುಖವನ್ನು ನಾನೂ ಆವತ್ತೇ ಸರಿಯಾಗಿ ನೋಡಿದ್ದು. ಅವಳಂತೂ ನೋಡಿರಲಿಲ್ಲ. ಸುಳ್ಳು ಹೇಳುವುದು ನನ್ನಿಂದಾಗದು.

"ಎಡಗಡೆ ಹುಬ್ಬು ಮೇಲಕ್ಕೆ ಹೋಗುತ್ತೆ. ಬಾಯಿ ಸ್ವಲ್ಪ ಸೊಟ್ಟ ಆಗುತ್ತೆ. ಮೇಲಕ್ಕೆ ಹೋದಾಗ ಮೂಗು ಅರಳಿಸ್ತೀಯ. ಅಂಥ ಚಂದವೇನಿಲ್ಲ ಕಣೇ."

ಅಕ್ಕ ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿಕೊಂಡಳು.

"ಎಲ್ಲರೂ ನೋಡಿದ್ರಾ?"

"ನೋಡಿದ್ರು. ಹಿಂದೆ ನಿಂತಿದ್ದವರೂ ಕಾಲ್ಬೆರಳ ಮೇಲೆ ನಿಂತು ನೋಡಿದ್ರು."

ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. "ನಾಳೆ ಆಟಕ್ಕೆ ಇದರ ಅಂಚು ಎರಡು ಬೆರಳು ಹಿಂದಕ್ಕೆ ಹೊಲಿದುಕೊಡೇ," ಅಂದಳು, "ಮುಖಕ್ಕೆ ಅಡ್ಡ ಬರುತ್ತೆ."